ತಪ್ಪಿನ ಪುಸ್ತಕದಲ್ಲಿ ನನ್ನ ಕೈಬರಹ

ನಮ್ಮ ಪ್ರಯೋಗಶಾಲೆಯಲ್ಲಿ ಒಂದು ತಪ್ಪಿನ ಪುಸ್ತಕ ಇದೆ. ಗಟ್ಟಿ ರಟ್ಟಿನ ಉದ್ದನೆಯ ಪುಸ್ತಕ. ಸಿಂಕಿನ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದೆ. ಹಿಂದಿನ ಪ್ರೊಫೆಸರು ಶುರುಮಾಡಿದ ಪದ್ಧತಿ. ಯಾರು ಏನು ತಪ್ಪು ಮಾಡಿದರೂ ಅದನ್ನು ತಮ್ಮ ಕೈಯಾರೆ ಅದರಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಬೇಕು. ಬರೆದ ಮೇಲೆ ಆ ತಪ್ಪಿನ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಬರೆದದ್ದನ್ನು ಹೊಡೆದುಹಾಕುವ ಹಾಗೂ ಇಲ್ಲ. 'ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕಲಿಲ್ಲ.' 'ಎರಡು ಬಾಟಲಿಗಳ ಮುಚ್ಚಳ ಅದಲುಬದಲಾಯಿತು.' 'ಬೀಕರನ್ನು ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತುಬಿಟ್ಟೆ.' ಈಗಿನ ಪ್ರೊಫೆಸರು ಮೀಸೆ ಮೂಡುವ ವಯಸ್ಸಿನಲ್ಲಿ ಇಲ್ಲಿಯೇ ವಿದ್ಯಾರ್ಥಿಯಾಗಿದ್ದರು. ಅವರವು ಹದಿನಾಲ್ಕು ತಪ್ಪುಗಳಿವೆ. ನಾನೇ ಎಣಿಸಿದ್ದೇನೆ.

ನನ್ನದು ಒಂದೂ ಇರಲಿಲ್ಲ. ಇಪ್ಪತ್ತಾರು ವರ್ಷ ಈ ಪ್ರಯೋಗಶಾಲೆಯ ಸಹಾಯಕಿಯಾಗಿ ದುಡಿದಿದ್ದೇನೆ, ಸಾವಿರಗಟ್ಟಲೆ ಗಾಜಿನ ಸಾಮಾನು ತೊಳೆದಿದ್ದೇನೆ, ತೂಗಿದ್ದೇನೆ, ಕಾಯಿಸಿದ್ದೇನೆ, ಒಣಗಿಸಿದ್ದೇನೆ. ಪುಸ್ತಕದಲ್ಲಿ ನನ್ನ ಕೈಬರಹ ಇದ್ದದ್ದು ರಟ್ಟಿನ ಮೇಲೆ ಮಾತ್ರ. 'ತಪ್ಪಿನ ಪುಸ್ತಕ' ಎಂದು ದಪ್ಪ ಅಕ್ಷರದಲ್ಲಿ ಬರೆದವಳು ನಾನೇ. ಹೊಸದಾಗಿ ಬಂದವರಿಗೆ ಅದನ್ನು ತೋರಿಸುವವಳೂ ನಾನೇ. ತೋರಿಸುವಾಗ ನನ್ನ ಮುಖದ ಮೇಲೆ ಒಂದು ಕಳೆ ಬರುತ್ತಿತ್ತಂತೆ. ಹಾಗೆಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು, ನನಗೆ ಗೊತ್ತು. ಆಡಿಕೊಳ್ಳಲಿ ಬಿಡಿ, ನನಗೇನಂತೆ ಎಂದುಕೊಂಡಿದ್ದೆ.

ನಾವು ಮಾಡುವುದು ಜೆಲ್ಲು. ನೋಡಲು ಬಂದವರಿಗೆ ವಿವರಿಸುವ ಕೆಲಸ ಪ್ರೊಫೆಸರದ್ದಾದರೂ ಅವರು ಬಾಯಿ ತೆಗೆದರೆ ಹತ್ತು ನಿಮಿಷದಲ್ಲಿ ಎದುರಿನವರು ಆಕಳಿಸತೊಡಗುತ್ತಾರೆ. ಹಾಗಾಗಿ ಅದು ನನ್ನ ಪಾಲಿಗೆ ಬಂತು.

"ಸೈಕ್ಲೋಡೆಕ್ಸ್‌ಟ್ರಿನ್ ಅಂತ. ಹೆಸರಿಗೆ ಹೆದರ್ಕೋಬೇಡಿ, ಪಿಷ್ಟದಿಂದ ತೆಗೆದ ಸಕ್ಕರೆ ಅಷ್ಟೆ," ಎಂದು ನಾನು ಶುರುಮಾಡುತ್ತಿದ್ದೆ. "ಏಳು ಸಕ್ಕರೆ ಕಣ ಕೈ ಕೈ ಹಿಡ್ಕೊಂಡು ದುಂಡಗೆ ನಿಂತಿವೆ ಅಂದ್ಕೊಳ್ಳಿ. ತಳ ಇಲ್ಲದ ಲೋಟದ ಥರ. ಅದಕ್ಕೆ ಹೊರಗಡೆ ನೀರು ಅಂದ್ರೆ ಪ್ರಾಣ, ಒಳಗಡೆ ನೀರು ಕಂಡ್ರೆ ಆಗಲ್ಲ. ನೀರಲ್ಲಿ ಕರಗದ ಔಷಧಿ ಹತ್ರ ಬಂತೋ, ಬಾರಪ್ಪ ಅಂತ ಒಳಗೆ ಕೂರಿಸ್ಕೊಳ್ಳುತ್ತೆ. ಇಂಥ ಕೋಟಿಗಟ್ಟಲೆ ಲೋಟಗಳನ್ನ ಒಂದಕ್ಕೊಂದು ಹೆಣೆದ್ರೆ ಈ ಜೆಲ್ಲು. ನೀರಲ್ಲಿ ಹಾಕಿದ್ರೆ ಉಬ್ಬುತ್ತೆ, ಕರಗಲ್ಲ. ಸುಟ್ಟ ಗಾಯದ ಮೇಲೆ ಇಟ್ರೆ ಔಷಧೀನ ದಿನಾ ಇಷ್ಟಿಷ್ಟೇ ಬಿಡುತ್ತೆ. ದಿನಾ ಪಟ್ಟಿ ಕಿತ್ತು ಕಟ್ಟೋ ನರಕ ತಪ್ಪುತ್ತೆ."

ಒಮ್ಮೆ ಒಬ್ಬ ಹೆಂಗಸು ಕೇಳಿದ್ದಳು, "ಬಂದಿರೋದು ಔಷಧೀನೇ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಎಲ್ಲಿ ಗೊತ್ತಾಗುತ್ತೆ ತಾಯಿ? ಅಳತೆ ಸರಿ ಇದ್ದು, ನೀರು ಕಂಡ್ರೆ ದೂರ ಓಡೋ ಯಾರು ಬಂದ್ರೂ ಸೈ. ಮೊದಲು ಬಂದೋರಿಗೆ ಸೀಟು!"

ಎಲ್ಲರೂ ನಕ್ಕರು. ಅಂದಿನಿಂದ ಆ ಮಾತು ನನ್ನ ಭಾಷಣಕ್ಕೆ ಸೇರಿಕೊಂಡಿತು. ನೂರು ಸಲವಾದರೂ ಹೇಳಿದ್ದೇನೆ.

ಸುಟ್ಟ ಗಾಯದ ಈ ಜೆಲ್ಲಿನ ಕೆಲಸ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯದು. ಪುಟ್ಟ ಜೀವ, ತಿನ್ನುವುದು ನಾಲ್ಕು ತುತ್ತು, ಒಂದು ಕಡೆ ನಿಲ್ಲುವವಳಲ್ಲ. ಬಂದ ವಾರವೇ ನಾನು ಗುಬ್ಬಿ ಎಂದು ಕರೆದೆ. ಆಮೇಲೆ ಪ್ರೊಫೆಸರೂ ಹಾಗೆಯೇ ಕರೆಯತೊಡಗಿದರು. ಮೊದಲ ವರ್ಷದಲ್ಲೇ ಅವಳ ಜೆಲ್ಲಿನ ಬಿಲ್ಲೆಗಳು ಔಷಧಿಯನ್ನು ಹೊಟ್ಟೆ ತುಂಬ ಹೀರಿಕೊಂಡು ಏಳು ದಿನ ಸ್ವಲ್ಪಸ್ವಲ್ಪವೇ ಬಿಟ್ಟವು. ಒಂದು ಲೇಖನವೂ ಅಚ್ಚಾಯಿತು. ಪ್ರೊಫೆಸರು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ನಡುವಿನ ವರ್ಷಗಳು ಬರೀ ಜೆಲ್ಲಿನ ಗಟ್ಟಿತನ ಅಳೆಯುವುದರಲ್ಲೇ ಕಳೆದವು; ಕೊನೆಗೆ ಉಳಿದದ್ದು ಔಷಧಿಯ ಆ ಫಲಿತಾಂಶವನ್ನೇ ಮತ್ತೆ ಮತ್ತೆ ಮಾಡಿ ತೋರಿಸುವುದು, ಬೇರೆ ಬೇರೆ ಅಳತೆಯಲ್ಲಿ. ನಾಲ್ಕನೆಯ ವರ್ಷದ ಕೊನೆಗೆ ಪರಿಶೀಲನಾ ಸಮಿತಿ ಕೂರುತ್ತದೆ. ಫಲಿತಾಂಶ ಮರಳಿ ಬರದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಪದವಿಯೂ ಇಲ್ಲ, ಏನೂ ಇಲ್ಲ, ಬರಿಗೈಯಲ್ಲಿ ಮನೆಗೆ.

ಬಿಲ್ಲೆಗಳನ್ನು ಅವಳು ಮಾಡಿ, ತೊಳೆದು, ತಟ್ಟೆಯಲ್ಲಿಟ್ಟು ನನಗೆ ಕೊಡುತ್ತಿದ್ದಳು. ಒಣಗಿಸುವ ಕಪಾಟು ನನ್ನದು. ಗಾಜಿನ ಬಾಗಿಲಿನ, ಐದು ಅಂತಸ್ತಿನ, ರಬ್ಬರು ಪಟ್ಟಿಯಿಂದ ಬಿಗಿಯಾಗಿ ಮುಚ್ಚಿಕೊಳ್ಳುವ ಕಪಾಟು. ನಾಲ್ಕು ದಿನ ಅದರೊಳಗೆ ಬಿಲ್ಲೆಗಳು ನಿಧಾನವಾಗಿ ಒಣಗಿ ಬೆರಳುಗುರಿನಷ್ಟಾಗುತ್ತವೆ. ಬೀಗದ ಕೈ ನನ್ನ ಸೊಂಟದಲ್ಲಿ. ಕಂಡಕಂಡವರು ಬಾಗಿಲು ತೆಗೆದರೆ ಧೂಳು ಹೋಗುತ್ತದೆಂದು ನಾನೇ ಮಾಡಿದ ನಿಯಮ.

ಈ ವರ್ಷ, ಸಮಿತಿಗೆ ಇನ್ನೂ ಎರಡು ತಿಂಗಳ ಮೇಲಿದ್ದಾಗ, ಒಂದು ದಿನ ನೋಡುತ್ತೇನೆ, ಕಪಾಟಿನ ಕೆಳಗಿನ ಅಂತಸ್ತಿನಲ್ಲಿ ಕಾಗದದ ಚೀಟಿಗಳ ಅಂಚನ್ನೆಲ್ಲ ಹುಳು ತಿಂದುಹಾಕಿದೆ. ಕಾಗದ, ಅಂಟು ತಿನ್ನುವ, ಬೆಳ್ಳಿ ಬಣ್ಣದ, ಸರಸರ ಓಡುವ ಹುಳು. ನನ್ನ ಕಪಾಟಿನಲ್ಲಿ ಹುಳು! ಮೈಯೆಲ್ಲ ಉರಿದುಹೋಯಿತು. ನಮ್ಮ ಯಜಮಾನರು ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಉಣ್ಣೆ ಕೋಟುಗಳ ಕಪಾಟಿಗೆ ಹಾಕಲು ಅವರ ಹತ್ತಿರ ಡಬ್ಬಿ ತುಂಬ ನುಸಿಗುಳಿಗೆ ಇರುತ್ತದೆ. ಆ ಬಿಳಿಯ, ಗೋಲಿಯಂಥ, ಘಾಟು ವಾಸನೆಯ ಗುಳಿಗೆ. ಮರುದಿನ ನಾಲ್ಕನ್ನು ತಂದು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಕೆಳಗಿನ ಅಂತಸ್ತಿನ ಮೂಲೆಗೆ ತಳ್ಳಿದೆ. ಹುಳು ನಿರ್ನಾಮವಾಯಿತು. ಯಾರಿಗೂ ಹೇಳಲಿಲ್ಲ. ಮನೆಯ ಬೀರುವಿಗೆ ಗುಳಿಗೆ ಹಾಕಿದರೆ ಊರಿಗೆಲ್ಲ ಡಂಗುರ ಸಾರುತ್ತೇವೆಯೇ?

ಅದಾದ ಮುಂದಿನ ಬಾರಿಯ ಬಿಲ್ಲೆಗಳು ಔಷಧಿಯನ್ನು ಮೂರರಲ್ಲಿ ಒಂದು ಪಾಲು ಮಾತ್ರ ಹೀರಿದವು. ಹೀರಿದ್ದನ್ನೂ ಎರಡೇ ದಿನದಲ್ಲಿ ಕಕ್ಕಿಬಿಟ್ಟವು. ಔಷಧಿ ಎಷ್ಟಿದೆಯೆಂದು ಬೆಳಕು ಹಾಯಿಸಿ ಗೆರೆ ಎಳೆದು ತೋರಿಸುವ ಯಂತ್ರದ ಮುಂದೆ ಗುಬ್ಬಿ ಕುಳಿತು ಆ ಅಂಕಿಯನ್ನೇ ನೋಡುತ್ತಿದ್ದಳು.

"ತೂಕ ತಪ್ಪಿರ್ತೀಯ," ಎಂದೆ.

"ಇಲ್ಲ ಅಕ್ಕ, ಎರಡು ಸಲ ತೂಗಿದ್ದೆ."

"ಎರಡು ಸಲ ತಪ್ಪಾಗಿ ತೂಗಿರ್ತೀಯ. ಬರಿ ಪುಸ್ತಕದಲ್ಲಿ."

ಅವಳು ಬರೆದಳು. ಮುಂದಿನ ವಾರ ಮತ್ತೆ ಅದೇ ಕಥೆ. ಈ ಬಾರಿ ತೊಳೆದದ್ದು ಸಾಲದು ಎಂದೆ, ಅದನ್ನೂ ಬರೆದಳು. ಮೂರನೆಯ ಬಾರಿ ಯಂತ್ರದ ಗೆರೆಯಲ್ಲಿ ಒಂದು ಸಣ್ಣ ದಿಬ್ಬ ಕಾಣಿಸಿತು. ಔಷಧಿಯ ಗೆರೆ ಅಲ್ಲಿ ಸಪಾಟಾಗಿರಬೇಕು. ಗುಬ್ಬಿ ನನ್ನನ್ನು ಕರೆದು ತೋರಿಸಿದಳು.

"ಇದೇನಿದು ಅಕ್ಕ? ಹಿಂದೆ ಯಾವತ್ತೂ ಇರ್ಲಿಲ್ಲ."

"ಏನಿರುತ್ತೆ? ಯಂತ್ರದೊಳಗೆ ಇಟ್ಟು ಅಳೆಯೋ ಗಾಜಿನ ಡಬ್ಬಿ ನೆಟ್ಟಗೆ ತೊಳೆದಿರಲ್ಲ. ಕೊಳೆ ಅದು, ಕೊಳೆ."

ಡಬ್ಬಿಯನ್ನು ಮತ್ತೆ ತೊಳೆದಳು. ದಿಬ್ಬ ಹೋಗಲಿಲ್ಲ. ಅವಳ ಕೈಯಿಂದ ಕಿತ್ತುಕೊಂಡು ನಾನೇ ತೊಳೆದೆ. ಆಗಲೂ ಹೋಗಲಿಲ್ಲ. ಆಗಲಾದರೂ ನನ್ನ ಬುದ್ಧಿ ಓಡಬೇಕಿತ್ತು. ಓಡಲಿಲ್ಲ. ಡಬ್ಬಿಗೇ ಗೀರು ಬಿದ್ದಿದೆ, ಇವಳೇ ಬೀಳಿಸಿರಬೇಕು ಎಂದುಬಿಟ್ಟೆ. ಗುಬ್ಬಿ ಅದನ್ನೂ ಪುಸ್ತಕದಲ್ಲಿ ಬರೆದಳು. 'ಅಳೆಯುವ ಡಬ್ಬಿ ಬಹುಶಃ ನಾನು ಬೀಳಿಸಿದ್ದೇನೆ. ನೆನಪಿಲ್ಲ.'

ಹೀಗೆ ಒಂಬತ್ತು ವಾರ, ಏಳು ಬಾರಿ, ಪುಸ್ತಕದಲ್ಲಿ ಏಳು ತಪ್ಪು. ನಾನು ಕೆಟ್ಟವಳಲ್ಲ. ಅವಳ ಮೇಲೆ ನನಗೆ ಹಗೆಯೂ ಇರಲಿಲ್ಲ. ಆದರೆ ಯಾರು ಕೇಳಿದರೂ ಒಂದೇ ಮಾತು: "ಹುಡುಗಿ ಬುದ್ಧಿವಂತೆ, ಕೈ ಮಾತ್ರ ಸರಿ ಇಲ್ಲ." ಪ್ರೊಫೆಸರು ಕೇಳಿದಾಗಲೂ ಇದನ್ನೇ ಹೇಳಿದೆ. ಇಪ್ಪತ್ತಾರು ವರ್ಷ ಒಂದೂ ತಪ್ಪು ಮಾಡದವಳ ಮಾತಿಗೆ ತೂಕ ಇರುತ್ತದಲ್ಲ. ಅವರು ತಲೆಯಾಡಿಸಿದರು.

ಗುಬ್ಬಿ ಮೊದಮೊದಲು ನನ್ನೊಡನೆ ವಾದಕ್ಕೆ ಬರುತ್ತಿದ್ದಳು, ಆಮೇಲೆ ನಿಲ್ಲಿಸಿದಳು. ಊಟದ ಹೊತ್ತಿನಲ್ಲಿ ನಮ್ಮ ಜೊತೆ ಕೂರುವುದನ್ನೂ ಬಿಟ್ಟಳು. ತಕ್ಕಡಿಯ ಮುಂದೆ ನಿಂತರೆ ಒಂದೇ ಪುಡಿಯನ್ನು ನಾಲ್ಕು ನಾಲ್ಕು ಸಲ ತೂಗುವಳು. ಪ್ರತಿ ಸಲವೂ ತಕ್ಕಡಿ ಕೀಕ್ ಎನ್ನುವುದು ಸಿಂಕಿನವರೆಗೂ ಕೇಳಿಸುತ್ತಿತ್ತು. ಒಮ್ಮೆ ನಾನು ಒಳಗೆ ಬಂದಾಗ ಕೈಗವಸು ಕಳಚಿ ಎರಡೂ ಅಂಗೈಗಳನ್ನು ಮುಂದೆ ಚಾಚಿಕೊಂಡು ನೋಡುತ್ತಿದ್ದಳು.

"ಏನೇ ಅದು?"

"ನಡುಗ್ತಿದ್ಯಾ ಅಂತ ನೋಡ್ತಿದ್ದೆ ಅಕ್ಕ."

ನಡುಗುತ್ತಿರಲಿಲ್ಲ. ನಾನು ಅದನ್ನು ಹೇಳಬಹುದಿತ್ತು. "ಸರಿ, ಸರಿ, ಕೆಲಸ ನೋಡು," ಎಂದು ಮುಂದೆ ಹೋದೆ.

ಸಮಿತಿ ಮಂಗಳವಾರ ಹನ್ನೊಂದಕ್ಕೆ ಕೂರುವುದಿತ್ತು. ಹಿಂದಿನ ಶುಕ್ರವಾರ ಗುಬ್ಬಿ ಪ್ರೊಫೆಸರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಹೊರಗೆ ನಾನು ಗಾಜಿನ ಸಾಮಾನು ಒರೆಸುತ್ತಿದ್ದೆ.

"ಸರ್, ಮೊದಲನೇ ವರ್ಷದ ಅಂಕಿಗಳನ್ನ ವಾಪಸ್ ತಗೋತೀನಿ," ಎಂದಳು. "ಲೇಖನ ಕೂಡ. ಮಂಗಳವಾರ ಸಮಿತಿ ಮುಂದೆ ನಾನೇ ಹೇಳಿಬಿಡ್ತೀನಿ."

"ಯಾಕಮ್ಮ?"

"ಏಳು ಸಲ ಮಾಡಿದ್ರೂ ಬರ್ಲಿಲ್ಲ ಅಂದ್ರೆ ಆವತ್ತು ಬಂದಿದ್ದೇ ಸುಳ್ಳು ಅಂತ ತಾನೇ? ಆವಾಗಲೇ ಏನೋ ತಪ್ಪು ಮಾಡಿರ್ತೀನಿ. ಬೇರೆಯವರು ಅದನ್ನ ನಂಬ್ಕೊಂಡು ಕೆಲಸ ಶುರುಮಾಡಿದ್ರೆ? ಗಾಯ ಆದವರ ಮೈ ಮೇಲೆ ಇಡೋ ವಸ್ತು ಸರ್ ಅದು."

ಪ್ರೊಫೆಸರು ಅವಳನ್ನು ತಡೆದರು. "ಸೋಮವಾರದವರೆಗೆ ಯೋಚನೆ ಮಾಡು," ಎಂದರು. ಯೋಚಿಸಿ ಆಗಿದೆ ಎಂದು ಅವಳು ಹೊರಗೆ ಬಂದಳು. ಅಂಕಿಗಳನ್ನು ಹಿಂದೆ ತೆಗೆದುಕೊಂಡರೆ ಕೆಲಸ ನಿಲ್ಲುವುದಷ್ಟೇ ಅಲ್ಲ, ಇನ್ನೆಲ್ಲಿಯೂ ಯಾರೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಿಜ ಹೇಳುತ್ತೇನೆ, ಆಗ ನನ್ನ ಮನಸ್ಸಿಗೆ ಬಂದದ್ದು ಇಷ್ಟೇ: ಹುಡುಗಿ ಪ್ರಾಮಾಣಿಕಳು, ಸರಿಯಾದದ್ದನ್ನೇ ಮಾಡುತ್ತಿದ್ದಾಳೆ.

"ಕಪಾಟು ತೆಗೀರಿ ಅಕ್ಕ, ಎಲ್ಲ ಖಾಲಿ ಮಾಡ್ತೀನಿ," ಎಂದಳು. ತೆಗೆದೆ. ಐದೂ ಅಂತಸ್ತಿನ ತಟ್ಟೆಗಳನ್ನು ಅವಳೇ ಹೊರಗೆಳೆದು, ನಾನೂರಕ್ಕೂ ಹೆಚ್ಚು ಬಿಲ್ಲೆಗಳನ್ನು ಕಸದ ಚೀಲಕ್ಕೆ ಸುರಿದು, ಚೀಲದ ಬಾಯಿ ಕಟ್ಟಿ ಗೋಡೆಗೆ ಒರಗಿಸಿದಳು. ನಾನು ಬೀಗ ಹಾಕಿದೆ.

ಸೋಮವಾರ ಬೆಳಿಗ್ಗೆ ಕಪಾಟು ಒರೆಸೋಣವೆಂದು ಬಾಗಿಲು ತೆಗೆದೆ. ಘಾಟು ಮೂಗಿಗೆ ರಪ್ಪನೆ ಬಡಿಯಿತು. ಯಜಮಾನರ ಕೋಟಿನ ಕಪಾಟಿನ ವಾಸನೆ. ಕಣ್ಣಲ್ಲಿ ನೀರು ಬರುವಷ್ಟು.

ಮೊದಲು ಅನ್ನಿಸಿದ್ದು, ಅಬ್ಬಾ, ಗುಳಿಗೆಗೆ ಇನ್ನೂ ಎಷ್ಟು ಶಕ್ತಿ ಇದೆ ಎಂದು. ಒರೆಸುವ ಬಟ್ಟೆಯನ್ನು ಹಿಂಡಿದೆ. ಹಿಂಡುತ್ತ ಹಿಂಡುತ್ತ ಕೈ ನಿಂತಿತು. ಒಂಬತ್ತು ವಾರದಲ್ಲಿ ಈ ಬಾಗಿಲನ್ನು ದಿನಕ್ಕೆ ಎರಡು ಸಲ ತೆಗೆದಿದ್ದೇನೆ. ಒಂದು ದಿನವಾದರೂ ಈ ವಾಸನೆ ಬಂದಿತ್ತೇ? ಇಲ್ಲ. ಒಂದು ದಿನವೂ ಇಲ್ಲ. ನಾಲ್ಕು ಗುಳಿಗೆ ಬಿಗಿಯಾಗಿ ಮುಚ್ಚಿದ ಕಪಾಟಿನಲ್ಲಿ ಕೂತು ಒಂಬತ್ತು ವಾರ ಕರಗಿವೆ. ಆ ವಾಸನೆಯೆಲ್ಲ ಎಲ್ಲಿ ಹೋಗಿತ್ತು? ಬಿಲ್ಲೆಗಳು ಹೊರಗೆ ಹೋದ ಮೂರೇ ದಿನಕ್ಕೆ ಹೇಗೆ ಬಂತು?

ಅಳತೆ ಸರಿ ಇದ್ದು, ನೀರು ಕಂಡರೆ ದೂರ ಓಡುವ ಯಾರು ಬಂದರೂ ಸೈ. ಮೊದಲು ಬಂದವರಿಗೆ ಸೀಟು.

ಕಪಾಟಿಗೆ ಒರಗಿಕೊಂಡು ನೆಲದ ಮೇಲೆ ಕುಕ್ಕರಿಸಿದೆ. ಇನ್ಯಾರಾದರೂ ಇಟ್ಟಿರಬಾರದೇ ಎಂದು ಒಂದು ಕ್ಷಣ ಮನಸ್ಸು ಹುಡುಕಿತು ಕೂಡ. ಗಂಟು ಕಟ್ಟಿದ ಬಟ್ಟೆ ನಮ್ಮ ಯಜಮಾನರ ಅಂಗಡಿಯದೇ ಅಸ್ತರಿನ ತುಂಡು.

ಆದರೂ ಖಾತ್ರಿ ಬೇಕಿತ್ತು. ಕಸದ ಚೀಲ ಇನ್ನೂ ಅಲ್ಲೇ ಇತ್ತು. ಒಂದು ಬಿಲ್ಲೆಯನ್ನು ತೆಗೆದು ಸ್ಪಿರಿಟಿನಲ್ಲಿ ನೆನೆಹಾಕಿದೆ. ಇನ್ನೊಂದು ಲೋಟದ ಸ್ಪಿರಿಟಿಗೆ ಗುಳಿಗೆಯ ಚೂರನ್ನು ಉಗುರಿನಿಂದ ಕೆರೆದು ಹಾಕಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಎರಡನ್ನೂ ಯಂತ್ರಕ್ಕಿಟ್ಟು ಗೆರೆಗಳನ್ನು ಕಾಗದದ ಮೇಲೆ ತೆಗೆದೆ. ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ದಿಬ್ಬದ ಮೇಲೆ ದಿಬ್ಬ ಕೂತಿತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

ಆ ಹೊತ್ತಿಗೆ ಸರಿಯಾಗಿ ಗುಬ್ಬಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಒಂದು ಲಕೋಟೆ. "ನಾಳೆಗೆ, ಅಂಕಿ ವಾಪಸ್ ತಗೊಳ್ಳೋ ಕಾಗದ ಅಚ್ಚು ಹಾಕಿಸ್ಕೊಂಡು ಬಂದೆ ಅಕ್ಕ. ಒಂದ್ಸಲ ಓದ್ತೀರಾ, ತಪ್ಪಿದ್ಯಾ ಅಂತ?" ಎಂದು ಕೇಳಿದಳು. ನಾನು ನನ್ನ ಕಾಗದಗಳನ್ನು ಮಡಚಿ ಸೆರಗಿನೊಳಗೆ ತುರುಕಿಕೊಂಡೆ. ಕನ್ನಡಕ ಮನೆಯಲ್ಲಿದೆ ಎಂದೆ. ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು. ಅವಳು ಅದನ್ನು ನೋಡಿದಳು, ಲಕೋಟೆ ಹಿಡಿದುಕೊಂಡು ಹೋದಳು.

ಸಂಜೆ ಮನೆಗೆ ಬಂದಾಗ ಯಜಮಾನರು ಒಂದು ಕೋಟಿಗೆ ಇಸ್ತ್ರಿ ಹಾಕುತ್ತಿದ್ದರು. ಟೀ ಮಾಡಿಕೊಂಡು ಬಂದು ಎಲ್ಲವನ್ನೂ ಹೇಳಿದೆ. ಅವರು ಇಸ್ತ್ರಿ ನಿಲ್ಲಿಸಲಿಲ್ಲ.

"ನಿನ್ನ ಕೆಲಸಕ್ಕೇನಾದ್ರೂ ತೊಂದ್ರೆನಾ?"

"ಇಲ್ಲ ರೀ. ಪುಸ್ತಕದಲ್ಲಿ ಬರೆದ್ರೆ ಮುಗೀತು. ಯಾರೂ ಬೈಯೋ ಹಾಗಿಲ್ಲ."

"ಮತ್ತೆ ಬರೆದು ಬಿಸಾಕು. ಅದಕ್ಯಾಕೆ ಮುಖ ಹೀಗೆ ಮಾಡ್ಕೊಂಡಿದೀಯ?"

"ನಿಮಗೆ ಗೊತ್ತಾಗಲ್ಲ ಬಿಡಿ. ಇಪ್ಪತ್ತಾರು ವರ್ಷ ರೀ. ಅದೂ ಎಂಥ ತಪ್ಪು? ನಾನೇ ಊರಿಗೆಲ್ಲ ಪಾಠ ಹೇಳಿದ ತಪ್ಪು." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದೆ, "ಸುಮ್ನೆ ಗುಳಿಗೆ ತೆಗೆದು ಬಿಸಾಕಿದ್ರೂ ಆಗುತ್ತೆ. ಸಮಿತಿಯವರಿಗೆ ಇನ್ನೊಂದೇ ಒಂದು ಅವಕಾಶ ಕೊಡಿ ಅಂತ ಪ್ರೊಫೆಸರ ಕೈಲಿ ಹೇಳಿಸಿದ್ರೆ, ಮುಂದಿನ ಸಲ ತಾನಾಗೇ ಸರಿ ಬರುತ್ತೆ. ಹುಡುಗಿ ಕೈ ಪಳಗಿತು ಅಂತ ಎಲ್ರೂ ಅಂದ್ಕೋತಾರೆ."

ಯಜಮಾನರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು.

"ಮದುವೆಗೆ ಮುಂಚೆ, ನಾನು ಹೊಸದಾಗಿ ಅಂಗಡಿ ಹಾಕಿದ್ದಾಗ, ಒಬ್ಬರು ಗುಮಾಸ್ತರು ಕೋಟು ಹೊಲಿಸೋಕೆ ಕೊಟ್ಟಿದ್ರು," ಎಂದರು. "ಬಲಗೈ ತೋಳು ಒಂದು ಬೆರಳು ಗಿಡ್ಡ ಕತ್ತರಿಸ್ಬಿಟ್ಟೆ. ಒಪ್ಕೊಳ್ಳೋಕೆ ನಾಚಿಕೆ. ನಿಮ್ಮ ಬಲಗೈಯೇ ಒಂಚೂರು ಉದ್ದ ಇದೆ ಸ್ವಾಮಿ, ಅಂತ ಹೇಳಿ ಸಾಗಹಾಕಿದೆ. ಪಾಪ, ನಂಬ್ಬಿಟ್ರು."

"ಒಳ್ಳೇ ಚೆನ್ನಾಗಿದೆ! ಆಮೇಲೆ?"

"ಆಮೇಲೇನು? ಈಗಲೂ ಈ ರಸ್ತೇಲೇ ಓಡಾಡ್ತಾರೆ. ನೀನೂ ನೋಡಿದೀಯ. ಬಲಗೈನ ಯಾವಾಗ್ಲೂ ಜೇಬಲ್ಲಿ ಇಟ್ಕೊಂಡಿರ್ತಾರಲ್ಲ, ಅವರೇ."

ನಾನು ನೋಡಿದ್ದೆ. ವಯಸ್ಸಾದವರು, ಸಭ್ಯರು, ನಮಸ್ಕಾರ ಮಾಡುವಾಗಲೂ ತಲೆ ಮಾತ್ರ ಬಾಗಿಸುವರು, ಬಲಗೈ ಹೊರಗೆ ಬರದು. ಜಂಬದ ಮನುಷ್ಯ ಎಂದುಕೊಂಡಿದ್ದೆ.

"ಯಾಕೆ ರೀ ಹೇಳ್ಲಿಲ್ಲ ಅವರಿಗೆ?"

"ನಾಳೆ ಹೇಳೋಣ ಅಂತಿದ್ದೆ," ಎಂದು ಯಜಮಾನರು ಮತ್ತೆ ಇಸ್ತ್ರಿ ಕೈಗೆತ್ತಿಕೊಂಡರು.

ಮಂಗಳವಾರ ಎಂಟಕ್ಕೇ ಹೋದೆ. ಗುಬ್ಬಿ ಆಗಲೇ ಬಂದಿದ್ದಳು. ತನ್ನ ಮೇಜಿನ ಡ್ರಾಯರು ಖಾಲಿ ಮಾಡುತ್ತಿದ್ದಳು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಅವಳ ಲೋಟ, ಶಾಲು, ನಾಲ್ಕು ವರ್ಷದ ನೋಟುಬುಕ್ಕುಗಳು. ನಾನು ಎರಡು ಕಾಗದಗಳನ್ನೂ ಅಸ್ತರಿನ ಗಂಟನ್ನೂ ಅವಳ ಮುಂದಿಟ್ಟೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅದೆಲ್ಲ ಮರೆತುಹೋಯಿತು.

"ನುಸಿಗುಳಿಗೆ. ಕಪಾಟಲ್ಲಿತ್ತು. ನಾನೇ ಇಟ್ಟಿದ್ದು," ಎಂದೆ. "ನಿನ್ನ ಜೆಲ್ಲಿನ ಲೋಟಗಳಲ್ಲೆಲ್ಲ ಇದೇ ಕೂತಿದೆ. ಔಷಧಿಗೆ ಜಾಗಾನೇ ಇರ್ಲಿಲ್ಲ."

ಅವಳು ಎರಡು ಗೆರೆಗಳನ್ನೂ ನೋಡಿದಳು. ಅಳತೆಪಟ್ಟಿ ತೆಗೆದು ದಿಬ್ಬದ ಜಾಗವನ್ನು ಎರಡರಲ್ಲೂ ಗುರುತು ಹಾಕಿದಳು. "ಎಷ್ಟು ಗುಳಿಗೆ?" ಎಂದಳು.

"ನಾಲ್ಕು."

"ಯಾವತ್ತು ಇಟ್ರಿ?"

ತಾರೀಖು ಹೇಳಿದೆ. ಪೆಟ್ಟಿಗೆಯಿಂದ ನೋಟುಬುಕ್ಕು ತೆಗೆದು ಪುಟ ತಿರುಗಿಸಿದಳು. ಮೊದಲು ಕೆಟ್ಟ ಬಾರಿಯ ಬಿಲ್ಲೆಗಳು ಕಪಾಟಿಗೆ ಹೋದದ್ದು ಅದರ ಮರುದಿನ.

"ಹಾಗಾದ್ರೆ ಮೊದಲನೇ ವರ್ಷದ್ದು ನಿಜ," ಎಂದಳು.

"ನಿಜ."

"ತೂಕ ಸರಿ ಇತ್ತು."

"ಸರಿ ಇತ್ತು ಕಣೇ. ಎಲ್ಲ ಸರಿ ಇತ್ತು. ನಿನ್ನೇನೇ ಗೊತ್ತಾಗಿತ್ತು ನಂಗೆ, ನಿನ್ನೇನೇ ಹೇಳ್ಬೇಕಿತ್ತು."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ನೋಟುಬುಕ್ಕನ್ನು ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಳು.

"ಒಂಬತ್ತು ವಾರದಿಂದ ನಮ್ಮಮ್ಮ ಫೋನ್ ಮಾಡಿದ್ರೆ ಎತ್ತಿಲ್ಲ ಅಕ್ಕ," ಎಂದಳು. "ಹೇಗಿದೀಯ ಅಂತ ಕೇಳಿದ್ರೆ ಏನು ಹೇಳ್ಲಿ ಅಂತ."

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ತಪ್ಪಾಯಿತು ಎಂದೆ. ಆ ಪದವನ್ನು ಆ ಕೋಣೆಯಲ್ಲಿ ನಾನು ಆಡಿದ್ದು ಅದೇ ಮೊದಲು.

ಹನ್ನೊಂದಕ್ಕೆ ಸಮಿತಿ ಕೂತಿತು. ಪ್ರೊಫೆಸರು ನನ್ನನ್ನೂ ಒಳಗೆ ಕರೆದರು. ಮೂವರಲ್ಲಿ ಹಿರಿಯರು ಗಂಟನ್ನು ಬಿಚ್ಚಿ, ಬಟಾಣಿಯಷ್ಟಾಗಿದ್ದ ಗುಳಿಗೆಗಳನ್ನು ನೋಡಿ, "ಇದನ್ನ ಇಟ್ಟವರು ನೀವೇನಾ?" ಎಂದು ಕೇಳಿದರು. ನಾನೇ ಎಂದೆ. "ಈ ಹುಡುಗಿಗೆ ಗೊತ್ತಿತ್ತಾ?" ಇಲ್ಲ ಎಂದೆ, ಯಾರಿಗೂ ಗೊತ್ತಿರಲಿಲ್ಲ, ಕೈ ಸರಿ ಇಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದವಳೂ ನಾನೇ ಎಂದೆ. ಇನ್ನೊಬ್ಬರು ನಕ್ಕು, ಹಾಗಾದರೆ ಜೆಲ್ಲು ಎಷ್ಟು ಚೆನ್ನಾಗಿ ಹಿಡಿದುಕೊಳ್ಳುತ್ತದೆ ನೋಡಿ, ಇದೂ ಒಂದು ಫಲಿತಾಂಶವೇ ಅಲ್ಲವೇ ಎಂದರು. ಗುಬ್ಬಿ ನಗಲಿಲ್ಲ. ಅರ್ಧ ಗಂಟೆ ಮಾತಾಡಿ ನಾಲ್ಕು ತಿಂಗಳ ಕಾಲಾವಕಾಶ ಕೊಟ್ಟರು. ಲಕೋಟೆ ಅವಳ ಕೈಯಲ್ಲೇ ಉಳಿಯಿತು.

ಆಮೇಲೆ ನಾನು ಮೊಳೆಯಿಂದ ಪುಸ್ತಕ ಇಳಿಸಿದೆ. ಹೊಸ ಪುಟದಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿದರೆ ನಿಯಮದ ಪ್ರಕಾರ ಮುಗಿಯುತ್ತಿತ್ತು. ಪೆನ್ನು ಹಿಡಿದು ಹಿಂದಿನ ಪುಟ ನೋಡಿದೆ. ಅವಳ ಏಳು ತಪ್ಪುಗಳು ಸಾಲಾಗಿ ಇದ್ದವು. ಮೊದಲನೆಯದು ದುಂಡು ಅಕ್ಷರ, ಕೆಳಗಿಳಿದಂತೆ ಸಣ್ಣದಾಗುತ್ತ ಹೋಗಿ, ಏಳನೆಯದನ್ನು ಓದಲು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿಯಬೇಕಾಯಿತು. 'ಕಾರಣ ಗೊತ್ತಿಲ್ಲ. ನನ್ನ ಕೈಯೇ ಇರಬೇಕು.'

ಹೊಡೆದುಹಾಕುವ ಹಾಗಿಲ್ಲ. ನಿಯಮ ನಿಯಮವೇ. ಸಾಲುಗಳ ನಡುವೆ ಇದ್ದಷ್ಟು ಜಾಗದಲ್ಲಿ ಒಂದೊಂದರ ಕೆಳಗೂ ಬರೆದೆ: 'ಇದು ಅವಳ ತಪ್ಪಲ್ಲ, ನನ್ನದು.' ತಾರೀಖು, ಸಹಿ. ಏಳು ಸಲ. ಅಳೆಯುವ ಡಬ್ಬಿಯ ಸಾಲಿನ ಕೆಳಗೆ 'ಅವಳು ಬೀಳಿಸಿಲ್ಲ' ಎಂದೂ ಸೇರಿಸಿದೆ. ಪ್ರೊಫೆಸರು ಬಾಗಿಲಲ್ಲಿ ನಿಂತು ನೋಡಿ, ಪದ್ಧತಿಯಂತೆ ಏನೂ ಹೇಳದೆ ಹೋದರು.

ಕಪಾಟನ್ನು ಬಿಸಿನೀರಿನಲ್ಲಿ ಮೂರು ದಿನ ತೊಳೆದೆ, ರಬ್ಬರು ಪಟ್ಟಿ ಬದಲಿಸಿದೆ, ಬೀಗ ತೆಗೆದು ಡ್ರಾಯರಿಗೆ ಹಾಕಿದೆ. ಹೊಸ ಬಾರಿಯ ಬಿಲ್ಲೆಗಳು ಔಷಧಿಯನ್ನು ಹೊಟ್ಟೆ ತುಂಬ ಹೀರಿದವು. ಐದನೆಯ ದಿನ ಬಿಟ್ಟವು, ಆರನೆಯ ದಿನ ಬಿಟ್ಟವು, ಏಳನೆಯ ದಿನವೂ ಬಿಟ್ಟವು. ಗೆರೆಯಲ್ಲಿ ದಿಬ್ಬವಿಲ್ಲ. ಗುಬ್ಬಿ ಆ ಕಾಗದವನ್ನು ನನಗೆ ತೋರಿಸಿದಳು, ಮುಖದಲ್ಲಿ ಒಂದಿಷ್ಟು ನಗುವೂ ಇತ್ತು. ಊಟಕ್ಕೆ ನಮ್ಮ ಜೊತೆ ಕೂರತೊಡಗಿದಳು. ಎಲ್ಲ ಸರಿಹೋಯಿತು ಎಂದು ನಾನೂ ಅಂದುಕೊಂಡೆ.

ಮರುವಾರ ಮುಂದಿನ ಬಾರಿಗೆ ಪುಡಿ ತೂಗಲು ನಿಂತಳು. ನಾನು ಸಿಂಕಿನ ಹತ್ತಿರ ಇದ್ದೆ. ತಕ್ಕಡಿ ಕೀಕ್ ಎಂದಿತು. ಪುಡಿ ಇಳಿಸಿ ಮತ್ತೆ ಇಟ್ಟಳು. ಕೀಕ್. ಮತ್ತೆ ಇಳಿಸಿದಳು. ಕೀಕ್. ನಾಲ್ಕನೆಯ ಸಲವಾದ ಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕ, ನೀವೂ ಒಂದ್ಸಲ ನೋಡ್ತೀರಾ? ಸರಿ ಇದ್ಯಾ ಅಂತ?"

ಹೋಗಿ ನೋಡುವುದು ಎರಡು ಹೆಜ್ಜೆಯ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದೆ.

"ನೋಡಲ್ಲ," ಎಂದೆ. "ಅದು ನಿನ್ನ ತೂಕ."

ಅವಳು ಹಾಗೆಯೇ ನಿಂತಿದ್ದಳು. ನಾನು ಗೋಡೆಯ ಕಡೆ ಮುಖ ಮಾಡಿಕೊಂಡು, ತೊಳೆದಿಟ್ಟಿದ್ದ ಬೀಕರನ್ನೇ ಮತ್ತೆ ತೊಳೆಯತೊಡಗಿದೆ. ಆಮೇಲೆ ಕೀಕ್ ಎಂದಿತು, ಐದನೆಯ ಸಲ. ಈ ವಾರ ಮೂರಕ್ಕೆ ಇಳಿದಿದೆ. ಅದು ಒಂದಾಗುವವರೆಗೆ ನಾನು ತಿರುಗಿ ನೋಡುವವಳಲ್ಲ. ಆದರೆ ಎಣಿಸುತ್ತೇನೆ, ದಿನಾ.